ಹಳದಿ ಮುಚ್ಚಳದ ಊಟ

ಆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರಿಗೆ ಹೆದರದವರಿದ್ದರು, ಸೌಟಮ್ಮನಿಗೆ ಹೆದರದವರಿರಲಿಲ್ಲ. ಹೆತ್ತವರು ಇಟ್ಟ ಹೆಸರು ಬೇರೆ ಏನೋ ಇತ್ತು. ಇಪ್ಪತ್ತೆರಡು ವರ್ಷ ಆಸ್ಪತ್ರೆಯ ಅಡುಗೆಮನೆಯ ಯಜಮಾನಿಕೆ ನಡೆಸಿ, ಬೈಯುವಾಗಲೂ ನಗುವಾಗಲೂ ಕೈಯಲ್ಲಿ ಸೌಟು ಹಿಡಿದೇ ಇರುತ್ತಿದ್ದುದರಿಂದ ಕೊನೆಗೆ ಈ ಹೆಸರೇ ಉಳಿಯಿತು. ನೆಲಮಾಳಿಗೆಯ ಆ ಅಡುಗೆಮನೆಯಿಂದ ದಿನಕ್ಕೆರಡು ಸಲ ಊಟದ ಡಬ್ಬಿಗಳು ತಳ್ಳುಗಾಡಿ ಹತ್ತಿ ವಾರ್ಡುಗಳಿಗೆ ಹೋಗುತ್ತಿದ್ದವು. ಬಿಳಿ ಮುಚ್ಚಳದ್ದು ಎಲ್ಲರಿಗೂ, ಹಳದಿ ಮುಚ್ಚಳದ್ದು ಸಕ್ಕರೆ ಕಾಯಿಲೆಯವರಿಗೆ.

ಬಿಳಿ ಮುಚ್ಚಳದ ಊಟವನ್ನು ಹೊಗಳದವರಿಲ್ಲ. ವಾಸಿಯಾದ ಮೇಲೂ ಇನ್ನೊಂದು ದಿನ ಇರುತ್ತೇನೆ ಎಂದು ನರ್ಸಮ್ಮನ ಹತ್ತಿರ ಗೋಗರೆದವರಿದ್ದರು ಎಂದರೆ ನೀವೇ ಊಹಿಸಿಕೊಳ್ಳಿ. ಹಳದಿಯ ಕಥೆಯೇ ಬೇರೆ. ತರಕಾರಿಗೆ ತಾನು ಯಾವ ತರಕಾರಿ ಎಂಬುದೇ ಮರೆತುಹೋಗುವಷ್ಟು ಬೇಯಿಸುವುದು, ನೀರು ಬಸಿಯುವುದು, ಉಪ್ಪು ಹಾಕಿದ ಹಾಗೆ ಮಾಡುವುದು, ಡಬ್ಬಿಗೆ ತುಂಬುವುದು. ಖಾರವಿಲ್ಲ, ಹುಳಿಯಿಲ್ಲ, ಬೆಳ್ಳುಳ್ಳಿಯ ವಾಸನೆಯಂತೂ ಇಲ್ಲವೇ ಇಲ್ಲ. ಅರ್ಧಕ್ಕರ್ಧ ಡಬ್ಬಿಗಳು ಹೋದ ಹಾಗೇ ವಾಪಸು ಬರುತ್ತಿದ್ದವು.

"ಪಥ್ಯ ಅಂದ್ರೆ ಪಥ್ಯ. ಆವಾಗ್ಲೇ ಬಾಯಿ ಕಟ್ಟಿದ್ರೆ ಇವರೆಲ್ಲ ಇಲ್ಲಿಗ್ಯಾಕೆ ಬರ್ತಿದ್ರು?" ಎನ್ನುವುದು ಸೌಟಮ್ಮನ ನ್ಯಾಯ. ಆ ನ್ಯಾಯಕ್ಕೆ ಮೇಲ್ಮನವಿ ಇರಲಿಲ್ಲ.

ಮನೆಯಲ್ಲೂ ಒಬ್ಬ ಹಳದಿಯವನಿದ್ದ, ಆಕೆಯ ಗಂಡ. ಹಳೆಯ ಪುಸ್ತಕಗಳಿಗೆ ಹೊಸ ರಟ್ಟು ಕಟ್ಟುವ ಸಣ್ಣ ಅಂಗಡಿ ಅವನದು. ಅಂಟು, ದಾರ, ಕತ್ತರಿಗಳ ನಡುವೆ ಕೂತು ಕೂತು ಮಾತು ಕಡಿಮೆಯಾಗಿತ್ತು. ಸಕ್ಕರೆ ಬಂದು ಆರು ವರ್ಷ, ಇನ್ಸುಲಿನ್ ಸೂಜಿ ಶುರುವಾಗಿ ಎರಡು ವರ್ಷ. ಬೆಳಿಗ್ಗೆ ಒಂದು, ಸಂಜೆ ಒಂದು. ಸೌಟಮ್ಮ ದಿನವೂ ಎರಡು ಬಸ್ಸು ಬದಲಿಸಿ ತನಗೊಂದು ಬಿಳಿ ಡಬ್ಬಿ, ಅವನಿಗೊಂದು ಹಳದಿ ಡಬ್ಬಿ ಹೊತ್ತು ತರುತ್ತಿದ್ದಳು. ಅವನು ತುಟಿ ಪಿಟಕ್ಕೆನ್ನದೆ ತಿಂದು ಡಬ್ಬಿ ತೊಳೆದಿಡುತ್ತಿದ್ದ. ಆದರೂ ಸಕ್ಕರೆ ಇಳಿಯಲೊಲ್ಲದು. "ಎಲ್ಲೋ ಕದ್ದು ತಿಂತೀರಿ ನೀವು" ಎಂದು ಆಕೆ ಬೈಯುವಳು. ಅವನು ಅಂಗಿ ಎತ್ತಿ ಹೊಟ್ಟೆಗೆ ಸೂಜಿ ಚುಚ್ಚಿಕೊಳ್ಳುವಾಗ ಮಾತ್ರ ಗೋಡೆಯ ಕಡೆ ತಿರುಗಿ ಕಣ್ಣು ಮುಚ್ಚುವಳು. ಕುದಿಯುವ ಎಣ್ಣೆ ಸಿಡಿದರೂ ಕೈ ಹಿಂದೆಗೆಯದ ಹೆಂಗಸಿಗೆ ಸೂಜಿ ಕಂಡರೆ ಜೀವ ಬಾಯಿಗೆ ಬರುತ್ತಿತ್ತು.

ಹೀಗಿರುವಾಗ ನೌಕರರ ರಕ್ತಪರೀಕ್ಷೆ ಬಂತು. ಇಬ್ಬರು ನರ್ಸಮ್ಮಂದಿರು ಹಿಡಿದುಕೊಂಡು, ಮೂರನೆಯವಳು ರಕ್ತ ತೆಗೆದಳು. ಎರಡು ದಿನ ಬಿಟ್ಟು ಡಾಕ್ಟರಮ್ಮ ಕರೆಸಿದರು.

"ಅಮ್ಮಾ, ನಿಮಗೂ ಸಕ್ಕರೆ ಬಂದಿದೆ. ಈಗಷ್ಟೇ ಶುರು, ಗಾಬರಿ ಬೇಡ. ಮೂರು ತಿಂಗಳು ಊಟದಲ್ಲೇ ಸರಿ ಮಾಡ್ಕೊಳ್ಳಿ, ದಿನಾ ನಡೀರಿ. ಇಳೀಲಿಲ್ಲ ಅಂದ್ರೆ ಮಾತ್ರೆ ಕೊಡ್ತೀನಿ. ಅದಕ್ಕೂ ಬಗ್ಗಲಿಲ್ಲ ಅಂದ್ರೆ ಮುಂದೆ ಯಾವಾಗ್ಲಾದ್ರೂ ಸೂಜಿ."

ಊಟ, ನಡಿಗೆ, ಮಾತ್ರೆ ಯಾವುದೂ ಸೌಟಮ್ಮನ ಕಿವಿಗೆ ಬೀಳಲಿಲ್ಲ. ಮೂರು ತಿಂಗಳು, ಆಮೇಲೆ ಸೂಜಿ, ಇಷ್ಟೇ ಬಿತ್ತು.

ಕೆಳಗೆ ಪಾತ್ರೆ ತೊಳೆಯುವ ಅಕ್ಕ ಕೇಳಿದಳು, "ಹಾಗಾದ್ರೆ ಇನ್ಮೇಲೆ ನಿಮಗೂ ಹಳದಿ ಮುಚ್ಚಳನಾ?"

"ಹೂಂ."

ಅಕ್ಕ ನಲ್ಲಿಯನ್ನು ಜೋರಾಗಿ ತಿರುಗಿಸಿ, ಆ ಸದ್ದಿನ ಮರೆಯಲ್ಲಿ "ಮಾಡಿದ್ದುಣ್ಣೋ ಮಹರಾಯ" ಅಂದಳು. ಸೌಟಮ್ಮನ ಕಿವಿ ಬಲು ಚುರುಕು, ಕೇಳಿಸಿತು. ಮೊದಲ ಬಾರಿಗೆ ಆಕೆ ಬೈಯಲಿಲ್ಲ.

ಆ ಸಂಜೆ ಮನೆಯ ಮೇಜಿನ ಮೇಲೆ ಎರಡು ಹಳದಿ ಡಬ್ಬಿಗಳು ಕೂತವು. ಸೌಟಮ್ಮ ಒಂದು ತುತ್ತು ಬಾಯಿಗಿಟ್ಟಳು. ಅಗಿದಳು. ನುಂಗಲೂ ಆಗದೆ, ಉಗುಳಲೂ ಆಗದೆ ಗಂಡನ ಮುಖ ನೋಡಿದಳು.

"ಏನ್ರೀ ಇದು?"

"ಊಟ."

"ಇದನ್ನ ಆರು ವರ್ಷದಿಂದ ತಿಂತಿದ್ದೀರಾ?"

"ನೀನೇ ತಾನೇ ಮಾಡೋದು" ಅಂದ ಗಂಡ, ಅವಳ ಲೋಟಕ್ಕೆ ನೀರು ತುಂಬಿಸುತ್ತಾ. "ನೀರು ಕುಡೀತಾ ಕುಡೀತಾ ತಿನ್ನು. ಇಳಿಯತ್ತೆ."

ಅಲ್ಲಿಂದ ಎರಡು ವಾರ ಸೌಟಮ್ಮ ಬಾಯಿ ಕಟ್ಟಿದಳು. ಅಂದರೆ, ಹಾಗಂದುಕೊಂಡಳು. ಅಡುಗೆಯವಳೆಂದ ಮೇಲೆ ರುಚಿ ನೋಡಬೇಡವೆ? ಬಿಳಿ ಮುಚ್ಚಳದ ಹಂಡೆಯಿಂದ ಅಂಗೈಗೆ ಎರಡು ಹನಿ ಹಾಕಿಕೊಂಡು ನೆಕ್ಕುತ್ತಿದ್ದವಳು ಮೊದಲ ದಿನ ಚಮಚಕ್ಕೆ ಬಂದಳು, ನಾಲ್ಕನೆಯ ದಿನ ಸೌಟಿಗೆ, ವಾರ ಕಳೆಯುವಷ್ಟರಲ್ಲಿ ಬಟ್ಟಲಿಗೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ, ಗೋಡೆಯ ಕಡೆ ತಿರುಗಿ ನಿಂತು ರುಚಿ ನೋಡಿದ್ದೇ ನೋಡಿದ್ದು. ಸಂಜೆ ಮನೆಯಲ್ಲಿ ಹಳದಿ ಡಬ್ಬಿ ತೆರೆದು ದೊಡ್ಡ ತ್ಯಾಗಿಯ ಮುಖ ಮಾಡುತ್ತಿದ್ದಳು.

ಹದಿನೈದನೆಯ ದಿನ ಬೆರಳು ಚುಚ್ಚಿ ನೋಡಿದರೆ ಸಕ್ಕರೆ ಮೊದಲಿಗಿಂತ ಮೇಲೆ. ನೋಡಿದವಳು ಚಾರ್ಟ್ ಮೇಡಂ. ರೋಗಿಗಳ ಊಟದ ಪಟ್ಟಿ ಬರೆಯುವ ಈ ಹುಡುಗಿ ಕೆಲಸಕ್ಕೆ ಸೇರಿ ಆರು ತಿಂಗಳಾಗಿತ್ತು. ಸೌಟಮ್ಮ ಅವಳನ್ನು ಅಡುಗೆಮನೆಯ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ, ಪಟ್ಟಿ ಬಾಗಿಲಲ್ಲೇ ಇಸಿದುಕೊಂಡು ಕಳಿಸುತ್ತಿದ್ದಳು.

"ಹಳದಿ ಡಬ್ಬಿನೇ ತಿಂದ್ರಾ ಅಮ್ಮಾ?"

"ತಿಂದೆ."

"ಬೇರೆ ಏನೂ ಇಲ್ವಾ?"

"ರುಚಿ ನೋಡಿದೆ."

"ಎಷ್ಟು?"

ಸೌಟಮ್ಮ ಸೀಲಿಂಗ್ ಫ್ಯಾನು ನೋಡಿದಳು. ಆಮೇಲೆ ತಡೆಯಲಾರದೆ ಕಟ್ಟೆಯೊಡೆದಂತೆ ಹೇಳಿದಳು. "ಇನ್ನೇನ್ ಮಾಡ್ಲಿ ಮಗಳೇ? ಉಪ್ಪಿಲ್ಲ, ಖಾರ ಇಲ್ಲ, ಹುಳಿ ಇಲ್ಲ. ಅದನ್ನ ಮನುಷ್ಯರು ತಿಂತಾರಾ? ಎರಡೂವರೆ ತಿಂಗಳಲ್ಲಿ ನನಗೆ ಸೂಜಿ ಚುಚ್ತೀರಿ. ನನಗೆ ಭಯ ಆಗತ್ತೆ."

ಹುಡುಗಿ ಹುಬ್ಬೇರಿಸಿದಳು. "ಖಾರ, ಹುಳಿ ಬೇಡ ಅಂತ ಯಾರು ಹೇಳಿದ್ರು?"

ಯಾರು ಹೇಳಿದ್ದರು? ಇಪ್ಪತ್ತೆರಡು ವರ್ಷದ ಹಿಂದೆ, ಸೌಟು ಕೈಗೆ ಕೊಟ್ಟು ನಿವೃತ್ತನಾದ ಮುದುಕ ಅಡುಗೆಭಟ್ಟ ಹೇಳಿದ್ದ. ಅವನಿಗೆ ಅವನ ಮೇಲಿನವನು ಹೇಳಿದ್ದಿರಬೇಕು. ಚಾರ್ಟ್ ಮೇಡಂ ಅವತ್ತು ಮೊದಲ ಸಲ ಹೊಸ್ತಿಲು ದಾಟಿ ಬಂದಳು. ಒಲೆಯ ಹಿಂದಿನ ಗೋಡೆಯಲ್ಲಿ ಜಿಡ್ಡು ಹಿಡಿದು ನೇತಾಡುತ್ತಿದ್ದ ಆಸ್ಪತ್ರೆಯ ಪಥ್ಯದ ಪಟ್ಟಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ, ಓದಿ ಎಂದಳು. ಸೌಟಮ್ಮ ಕನ್ನಡಕ ಹಾಕಿಕೊಂಡು ಓದಿದಳು. ಅನ್ನ ಒಂದು ಸಣ್ಣ ಬಟ್ಟಲು. ಸೊಪ್ಪು, ತರಕಾರಿ ಅರ್ಧ ತಟ್ಟೆ. ಬೇಳೆಕಾಳು, ಮೊಟ್ಟೆ. ಸಕ್ಕರೆ, ಬೆಲ್ಲ, ಸಿಹಿ ಪಾನೀಯ ಬೇಡ. ಎಣ್ಣೆ, ಉಪ್ಪು ಹಿತವಾಗಿ. ಮೆಣಸು ಬೇಡ, ನಿಂಬೆ ಬೇಡ, ಬೆಳ್ಳುಳ್ಳಿ ಬೇಡ ಎಂದು ಹಾಳೆ ತಿರುಗಿಸಿ ಹಿಂದೆ ನೋಡಿದರೂ ಇರಲಿಲ್ಲ.

ಸೌಟಮ್ಮನಿಗೆ ಮೊದಲು ಬಂದದ್ದು ಸಿಟ್ಟು. ಸತ್ತುಹೋದ ಭಟ್ಟನನ್ನು ಬೈದಳು, ಗೋಡೆಯನ್ನು ಬೈದಳು. ಆಮೇಲೆ ವಾಪಸು ಬರುತ್ತಿದ್ದ ಡಬ್ಬಿಗಳೆಲ್ಲ ಕಣ್ಣ ಮುಂದೆ ಬಂದು ನಾಚಿಕೆಯಾಯಿತು. ಆ ಜನಕ್ಕೆ ಕಾಯಿಲೆ ಕೊಟ್ಟದ್ದು ದೇವರಿರಬಹುದು, ಶಿಕ್ಷೆ ಕೊಟ್ಟದ್ದು ತಾನು. ಮುಖ ತೊಳೆದುಕೊಂಡು ಬಂದು ಬೆಳ್ಳುಳ್ಳಿ ಸುಲಿಯಲು ಕೂತಳು.

ಅವತ್ತಿನ ಹಳದಿ ಡಬ್ಬಿಯಲ್ಲಿ ಸುಟ್ಟ ಬದನೆಕಾಯಿಗೆ ನಿಂಬೆ ಹಿಂಡಿತ್ತು. ಬೀನ್ಸ್ ಹಸಿರಾಗಿಯೇ ಉಳಿದು, ಬೆಳ್ಳುಳ್ಳಿ ಮತ್ತು ಕಾಳುಮೆಣಸಿನ ಸಹವಾಸ ಮಾಡಿತ್ತು. ಅನ್ನ ಬಟ್ಟಲಲ್ಲಿ ಅಳೆದದ್ದು, ಒಂದು ಅಗುಳೂ ಹೆಚ್ಚಿಲ್ಲ. ಮಧ್ಯಾಹ್ನ ಗಾಡಿ ವಾಪಸು ಬಂದಾಗ ಪಾತ್ರೆ ತೊಳೆಯುವ ಅಕ್ಕ ಒಂದೊಂದೇ ಡಬ್ಬಿ ಅಲ್ಲಾಡಿಸಿ ನೋಡಿ, "ಇವರೆಲ್ಲ ಕಿಟಕಿಯಿಂದ ಆಚೆ ಸುರಿದ್ರಾ ಹೇಗೆ?" ಎಂದು ಹೋಗಿ ಕಿಟಕಿಯ ಕೆಳಗೆ ಹುಡುಕಿ ಬಂದಳು. ಏನೂ ಸಿಗಲಿಲ್ಲ.

ಸಂಜೆ ಗಂಡ ಡಬ್ಬಿ ತೆರೆದು ಮೂರು ತುತ್ತು ತಿಂದು ನಿಲ್ಲಿಸಿದ. "ಇವತ್ತು ನೀನು ರಜಾನಾ?"

"ನಾನೇ ಮಾಡಿದ್ದು."

ಅವನು ಉಳಿದದ್ದನ್ನು ತಿಂದ. ಬಟ್ಟಲು ಬೆರಳಲ್ಲಿ ಬಳಿದ. ಆಮೇಲೆ ಮುಚ್ಚಳವನ್ನು ತಿರುವುತ್ತಾ ಹೇಳಿದ, "ನೀನು ಬೈತಿದ್ದದ್ದು ಸರಿ ಕಣೆ. ಅಂಗಡಿ ಪಕ್ಕ ಬೇಕರಿ ಇದೆಯಲ್ಲ, ದಿನಾ ಅಲ್ಲಿ ಮೂರು ಸಿಹಿ ಬನ್ನು ತಿಂದು ಬರ್ತಿದ್ದೆ. ಹಸಿವಿಟ್ಕೊಂಡು ಈ ಡಬ್ಬಿ ಹತ್ರ ಬರೋಕೆ ಧೈರ್ಯ ಸಾಲ್ತಿರ್ಲಿಲ್ಲ."

"ನನಗೊಂದು ಮಾತು ಹೇಳೋಕೇನಾಗಿತ್ತು?"

"ಎರಡು ಬಸ್ಸು ಬದಲಿಸಿ ಹೊತ್ಕೊಂಡು ಬರ್ತೀಯ. ಬಾಯಿ ಬರ್ಲಿಲ್ಲ."

ಕಳ್ಳ ಸಿಕ್ಕಿಬಿದ್ದಿದ್ದ. ಆರು ವರ್ಷ ಕಾದಿದ್ದ ಗೆಲುವು ಕೈಗೆ ಬಂದಿತ್ತು, ಸೌಟಮ್ಮನಿಗೆ ಖುಷಿ ಮಾತ್ರ ಎಳ್ಳಷ್ಟೂ ಆಗಲಿಲ್ಲ. ಎದ್ದುಹೋಗಿ ಎರಡೂ ಡಬ್ಬಿಗಳನ್ನು ತಾನೇ ತೊಳೆದಳು, ತೊಳೆದದ್ದನ್ನೇ ಮತ್ತೊಮ್ಮೆ ತೊಳೆದಳು.

ಆ ಮೇಲಿನ ದಿನಗಳಲ್ಲಿ ಬಿಳಿ ಹಂಡೆಯ ರುಚಿ ನೋಡುವ ಕೆಲಸ ಪಾತ್ರೆ ತೊಳೆಯುವ ಅಕ್ಕನಿಗೆ ಹೋಯಿತು. ಉಪ್ಪು ಕಡಿಮೆ ಎಂದು ಸೌಟಮ್ಮನಿಗೆ ಹೇಳುವ ಸುಖವನ್ನು ಅವಳು ಚೆನ್ನಾಗಿ ಅನುಭವಿಸಿದಳು. ಸೌಟಮ್ಮ ಎರಡನೆಯ ಬಸ್ಸು ಬಿಟ್ಟು ಬೇಕರಿಯ ತನಕ ನಡೆದು ಬಂದು, ಗಂಡನನ್ನು ಅದರ ಮುಂದಿನಿಂದಲೇ ಕೈಹಿಡಿದು ಕರೆದೊಯ್ಯುತ್ತಿದ್ದಳು. ಬೇಕರಿಯವನು ಪಾಪ, ಮೂರು ಬನ್ನು ಎತ್ತಿಟ್ಟುಕೊಂಡು ನೋಡುತ್ತಾ ನಿಲ್ಲುತ್ತಿದ್ದ.

ಮೂರು ತಿಂಗಳು ತುಂಬಿದ ದಿನ ಸೌಟಮ್ಮ ಗಂಡನನ್ನೂ ಎಳೆದುಕೊಂಡು ಡಾಕ್ಟರಮ್ಮನ ಮುಂದೆ ಕೂತಳು. ಅವರು ಎರಡು ಕಾಗದಗಳನ್ನು ಹೊರಳಿಸಿ ಹೊರಳಿಸಿ ನೋಡಿದರು.

"ಅಮ್ಮಾ, ಇಳಿದಿದೆ. ನಿಮಗೆ ಮಾತ್ರೆ ಬೇಡ, ಹೀಗೇ ನಡೆಸಿ."

"ನನ್ನದಿರ್ಲಿ. ಇವರದ್ದು ಹೇಳಿ."

"ಇವರದ್ದೂ ಚೆನ್ನಾಗಿ ಇಳಿದಿದೆ. ಸಂಜೆ ಸೂಜಿ ನಿಲ್ಲಿಸೋಣ. ಖುಷಿಯಾಯ್ತು ಅಂತ ಇಬ್ಬರೂ ಒಂದೇ ಸಲ ಹೊಟ್ಟೆ ತುಂಬ ತಿನ್ಬೇಡಿ ಮತ್ತೆ. ಏನೇ ಆದ್ರೂ ಸ್ವಲ್ಪ ಸ್ವಲ್ಪ."

ಹೊರಗೆ ಬಂದ ಸೌಟಮ್ಮ ಬೆಂಚಿನ ತನಕವೂ ಹೋಗಲಿಲ್ಲ. ಗೋಡೆಗೊರಗಿ ನಿಂತು, ಓಡಾಡುವ ಜನರ ಮುಂದೆಯೇ ಅತ್ತಳು. "ಎರಡು ವರ್ಷ ಸಂಜೆ ಸಂಜೆ ನಿಮ್ಮ ಹೊಟ್ಟೆಗೆ ಚುಚ್ಚಿದ್ದು ನಾನು ಕಣ್ರೀ. ಸೂಜಿ ಹಿಡಿದದ್ದು ನೀವಾದ್ರೂ ಚುಚ್ಚಿಸಿದ್ದು ನನ್ನ ಅಡುಗೆ, ಮೇಲಿಂದ ಬೈದೆ. ತಪ್ಪಾಯ್ತು. ಆರು ವರ್ಷದ್ದೂ ಸೇರಿಸಿ ಕೇಳ್ತಿದೀನಿ, ತಪ್ಪಾಯ್ತು."

ಗಂಡ ಸೆರಗಿನ ತುದಿ ಎತ್ತಿ ಅವಳ ಕೈಗೆ ಕೊಟ್ಟ.

"ಎಲ್ಲಾ ಒಂದೇ ಸಲ ಬೇಡ ಮಾರಾಯ್ತಿ, ನನಗೆ ತಡ್ಕೊಳ್ಳೋಕಾಗಲ್ಲ" ಅಂದ. "ಡಾಕ್ಟ್ರು ಹೇಳಿದ್ರಲ್ಲ. ದಿನಾ ಸ್ವಲ್ಪ ಸ್ವಲ್ಪ ಕೇಳು."