ಅಕ್ಕನಿಗೆ ಕೊಟ್ಟ ಮೂರು ವಾರ

ಆಸ್ಪತ್ರೆಯಲ್ಲಿ ಎಲ್ಲರೂ ಅವಳನ್ನು ಸೂಜಿಯಮ್ಮ ಎನ್ನುತ್ತಾರೆ. ನೆಲಮಹಡಿಯ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಇಪ್ಪತ್ತೆಂಟು ವರ್ಷಗಳ ಕೆಲಸ. ಬೆಳಿಗ್ಗೆ ಏಳಕ್ಕೆ ಬಾಗಿಲು ತೆಗೆದಳೆಂದರೆ, ಬರಿಹೊಟ್ಟೆಯಲ್ಲಿ ಬಂದು ಗೊಣಗುತ್ತ ಕೂತ ಜನರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಮುಷ್ಟಿ ಹಿಡಿಸಿ, ಅವರು ಹೆದರಬೇಕೋ ಬೇಡವೋ ಎಂದು ತೀರ್ಮಾನಿಸುವಷ್ಟರಲ್ಲಿ ರಕ್ತ ತೆಗೆದು ಹತ್ತಿ ಒತ್ತಿಬಿಡುತ್ತಾಳೆ. ಡಾಕ್ಟರಿಗೇ ಸಿಗದ ನರ ತನ್ನ ಬೆರಳಿಗೆ ಸಿಗುತ್ತದೆ ಎನ್ನುವುದು ಅವಳ ಜಂಬ. ಆ ಜಂಬಕ್ಕೆ ಕಾರಣವೂ ಇದೆ, ಬಿಡಿ. ಕೋಪ ಮಾತ್ರ ಮೂಗಿನ ತುದಿಯಲ್ಲೇ. "ಕೈ ಸಡಿಲ ಬಿಡ್ರಿ, ನಾನೇನು ಕಿತ್ಕೊಂಡು ಹೋಗಲ್ಲ" ಎಂದು ಅವಳು ಗದರಿದರೆ ಎಂಥ ದೊಡ್ಡ ಮನುಷ್ಯನೂ ತೆಪ್ಪಗಾಗುತ್ತಾನೆ.

ಈ ಸೂಜಿಯಮ್ಮ ಒಂದು ಕಾಲದಲ್ಲಿ ಬ್ಲಾಗ್ ಬರೆಯುತ್ತಿದ್ದಳು ಎಂದರೆ ಲ್ಯಾಬಿನ ಹುಡುಗಿಯರು ನಂಬುವುದಿಲ್ಲ. ಅದಕ್ಕೆ ಅವಳು ಇಟ್ಟ ಹೆಸರು 'ಎಡಗೈಯೋ ಬಲಗೈಯೋ'. ದಿನಕ್ಕೆ ನೂರು ಸಲ ಅವಳು ಕೇಳುವ ಪ್ರಶ್ನೆಯೇ ಅದು. ಅಡುಗೆಭಟ್ಟನ ಸುಟ್ಟ ಮಣಿಕಟ್ಟು, ಅಗಸನ ಬೆಳ್ಳಗೆ ಸುಕ್ಕಿದ ಬೆರಳು, ಮದುವೆ ಮುರಿದುಕೊಂಡು ಬಂದವಳ ಬೆರಳಿನ ಮೇಲಿನ ಉಂಗುರದ ಗುರುತು, ಹೀಗೆ ಕಂಡ ಕೈಗಳನ್ನೆಲ್ಲ ಹೆಸರು ಹೇಳದೆ ಬರೆಯುತ್ತಿದ್ದಳು. ಓದುತ್ತಿದ್ದವರು ಹದಿನಾಲ್ಕು ಜನ. ಅದರಲ್ಲೊಬ್ಬ ರಿಟೈರ್ಡ್ ಪೋಸ್ಟ್‌ಮ್ಯಾನ್ ಪ್ರತಿ ಬರಹದ ಕೆಳಗೂ 'ಓದಿದೆ' ಎಂದಷ್ಟೇ ಬರೆದು ಹೋಗುತ್ತಿದ್ದ. ಅಮ್ಮ ಹಾಸಿಗೆ ಹಿಡಿದ ಮೇಲೆ ಎರಡು ವರ್ಷ ಅವಳು ಬರೆದದ್ದೆಲ್ಲ ಅಮ್ಮನ ಕೈಗಳ ಬಗ್ಗೆಯೇ. ಅಮ್ಮ ತೀರಿಕೊಂಡ ಮರುದಿನ ಒಂದು ಬರಹ ಹಾಕಿದಳು. ಆಮೇಲೆ ಒಂಬತ್ತು ವರ್ಷ ಆ ಕಡೆ ತಲೆ ಹಾಕಲಿಲ್ಲ. ಯಾಕೆ ಎಂದು ಕೇಳಿದವರಿಗೆ "ಎಲ್ಲಿ ಟೈಮ್ ಆಗುತ್ತೆ" ಎನ್ನುತ್ತಿದ್ದಳು. ಅದು ಶುದ್ಧ ಸುಳ್ಳು.

ಆ ಸುಳ್ಳಿನ ಹಿಂದೆ ಇನ್ನೊಂದು ಸುಳ್ಳಿತ್ತು. ಅದು ಹೋದ ಗುರುವಾರ ಆಸ್ಪತ್ರೆಯ ಸಭಾಂಗಣದಲ್ಲಿ, ಮೈಕಿನ ಮುಂದೆ, ಇನ್ನೂರು ಜನರ ಎದುರು ಎದ್ದು ನಿಂತಿತು.

ಅವಳ ಅಕ್ಕ ರಿಟೈರಾದ ಹೆಡ್‌ಮೇಡಂ. ಮೈಕ್ ಕಂಡರೆ ಅಕ್ಕನಿಗೆ ಪ್ರಾಣ. ಶಾಲೆ ಬಿಟ್ಟ ಮೇಲೆ 'ಮನೆಯ ರೋಗಿಗಳ ಆರೈಕೆ' ಎಂಬ ವಿಷಯ ಹಿಡಿದು, ಮೊದಲು ಬೀದಿಯ ಲೈಬ್ರರಿಯಲ್ಲಿ, ಆಮೇಲೆ ರೇಡಿಯೊದಲ್ಲಿ, ಈಗ ಕರೆದಲ್ಲೆಲ್ಲ ಮಾತಾಡುತ್ತಾಳೆ. ಕರೆಯದಿದ್ದರೆ ಕರೆಸಿಕೊಳ್ಳುತ್ತಾಳೆ. ಈ ಸಲ ತಂಗಿಯ ಆಸ್ಪತ್ರೆಗೇ ಮುಖ್ಯ ಭಾಷಣಕಾರ್ತಿಯಾಗಿ ಬಂದಿದ್ದಳು. "ನೀವಿಬ್ರೂ ಬರ್ಲೇಬೇಕು, ಮುಂದೇನೇ ಕೂರ್ಬೇಕು" ಎಂದು ಎರಡು ಸಲ ಫೋನ್ ಮಾಡಿದ್ದಳು. ಸೂಜಿಯಮ್ಮ ಬಿಳಿ ಕೋಟಿನಲ್ಲೇ ಹೋಗಿ ಮೂರನೇ ಸಾಲಿನಲ್ಲಿ ಕೂತಳು. ಅವಳ ಗಂಡ ಸೋಫಾ, ಕುರ್ಚಿಗಳಿಗೆ ಹೊಸ ಬಟ್ಟೆ ಹೊದಿಸುವ ಕೆಲಸದವನು. ಅಂಗಡಿಯಿಂದ ನೇರ ಬಂದವನು, ಅಂಗಿಗೆಲ್ಲ ನಾರಿನ ಧೂಳು ಮೆತ್ತಿದೆ ಎಂದು ಹಿಂದೆ ಬಾಗಿಲ ಬಳಿಯೇ ಕೂತ.

ಅಕ್ಕ ಹತ್ತು ನಿಮಿಷ ಚೆನ್ನಾಗಿಯೇ ಮಾತಾಡಿದಳು. ಆಮೇಲೆ ಕನ್ನಡಕ ಏರಿಸಿಕೊಂಡು ಒಂದು ಹಾಳೆ ಬಿಚ್ಚಿದಳು. "ಇದು ನಾನು ಬರೆದದ್ದಲ್ಲ. ಇದೇ ಆಸ್ಪತ್ರೆಯಲ್ಲಿ ಕೆಲಸ ಮಾಡುವ ನನ್ನ ತಂಗಿ ಬರೆದದ್ದು" ಎಂದು ಓದತೊಡಗಿದಳು.

"ಕೊನೆಯ ಮೂರು ವಾರ ಅಕ್ಕ ಅಮ್ಮನ ಪಕ್ಕ ಬಿಟ್ಟು ಕದಲಲಿಲ್ಲ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿದಳು. ಒಣಗಿದ ತುಟಿಗೆ ಹತ್ತಿ ಅದ್ದಿ ಒತ್ತಿದಳು. ಅಮ್ಮನ ಉಗುರು ಕತ್ತರಿಸುವಾಗ ಪ್ರತಿ ಬೆರಳಿಗೂ, ಮುಗೀತು, ಇನ್ನೊಂದೇ ಎಂದು ಸುಳ್ಳು ಹೇಳಿದಳು."

ಸಭೆಯಲ್ಲಿ ಯಾರೋ ಮೂಗು ಸೆಳೆದುಕೊಂಡರು. ಸೂಜಿಯಮ್ಮನಿಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಹತ್ತಿತು. ಏಕೆಂದರೆ ಆ ಮೂರು ವಾರ ಅಕ್ಕ ಅಲ್ಲಿರಲೇ ಇಲ್ಲ. ಪರೀಕ್ಷೆ, ಪೇಪರ್ ತಿದ್ದುವುದು, ಇನ್ಸ್‌ಪೆಕ್ಷನ್ ಎಂದು ಒಂದಲ್ಲ ಒಂದು ನೆವ ಹೇಳುತ್ತ ಬಂದು, ಅಮ್ಮ ಕಣ್ಣು ಮುಚ್ಚಿ ನಾಲ್ಕು ಗಂಟೆಯಾದ ಮೇಲೆ ಸೂಟ್‌ಕೇಸ್ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಸೂಜಿಯಮ್ಮನೂ ಹಗಲೆಲ್ಲ ಲ್ಯಾಬಿನಲ್ಲೇ. ಅಂಗಡಿಗೆ ಬೀಗ ಹಾಕಿ ಮನೆಯಲ್ಲಿ ಕೂತು, ಅತ್ತೆಯ ಮಗ್ಗುಲು ಬದಲಿಸಿ, ತುಟಿ ಒದ್ದೆ ಮಾಡಿ, ಉಗುರು ಕತ್ತರಿಸಿ, ಸುಳ್ಳು ಹೇಳಿದವನು ಇವಳ ಗಂಡ. ಕಡೆಯ ಸಾಲಿನಲ್ಲಿ ನಾರಿನ ಧೂಳು ಮೆತ್ತಿಕೊಂಡು ಕೂತವನು.

ಚಪ್ಪಾಳೆ ಬಿತ್ತು. ಅವಳು ತಿರುಗಿ ನೋಡಿದಳು. ಅವನೂ ಹೊಡೆಯುತ್ತಿದ್ದ.

ಕಾರ್ಯಕ್ರಮ ಮುಗಿದದ್ದೇ ತಡ, ಅಕ್ಕನನ್ನು ಎಕ್ಸ್‌ರೇ ಕೋಣೆಯ ಪಕ್ಕದ ಓಣಿಗೆ ಎಳೆದುಕೊಂಡು ಹೋದಳು. ಅಕ್ಕನ ಕೈಯಲ್ಲಿ ಇನ್ನೂ ಹೂಗುಚ್ಛ.

"ನಾಚಿಕೆ ಆಗಲ್ವಾ ನಿಂಗೆ?"

"ಯಾಕೇ, ಏನಾಯ್ತು?" ಅಕ್ಕನಿಗೆ ನಿಜಕ್ಕೂ ಆಶ್ಚರ್ಯವಾಗಿತ್ತು.

"ಏನಾಯ್ತಾ? ನೀನೆಲ್ಲಿದ್ದೆ ಆ ಮೂರು ವಾರ?"

ಅಕ್ಕ ಸುತ್ತ ನೋಡಿ ದನಿ ತಗ್ಗಿಸಿದಳು. "ನೋಡು, ಬರೆದವಳು ನೀನು. ನಾನು ಒಂದಕ್ಷರ ಸೇರಿಸಿಲ್ಲ. ಇದ್ದದ್ದನ್ನ ಇದ್ದ ಹಾಗೆ ಓದ್ದೆ." ಆಮೇಲೆ, "ಓದಿ ಓದಿ ನಂಗೂ ಈಗ ಹಾಗೇ ನೆನಪಿಗೆ ಬರುತ್ತೆ ಕಣೇ. ಅಮ್ಮನ ಉಗುರು ನಾನೇ ಕತ್ತರಿಸಿದ ಹಾಗೆ" ಎಂದಳು.

ಬರೆದವಳು ಸೂಜಿಯಮ್ಮನೇ, ಅದು ನಿಜ. ಅಮ್ಮ ಹೋದ ಮರುದಿನ ಅಕ್ಕ ಅಡುಗೆಮನೆಯ ನೆಲದ ಮೇಲೆ ಕೂತು ಅತ್ತಿದ್ದಳು. "ಎಲ್ಲಾರೂ ನಿನ್ನ ಬರಹ ಓದ್ತಾರೆ. ದೊಡ್ಡ ಮಗಳು ಎಲ್ಲಿದ್ಲು ಅಂತ ಕೇಳ್ತಾರೆ. ನಂದೊಂದು ಸಾಲು ಬರಿಯೇ" ಎಂದಿದ್ದಳು. ಇವಳ ಕರುಳು ಚುರುಕ್ ಎಂದಿತ್ತು. ಗಂಡನ ಬಗ್ಗೆ ಬರೆದಿಟ್ಟಿದ್ದ ಬರಹ ಆಗಲೇ ತಯಾರಿತ್ತು. 'ಗಂಡ' ಎಂದಿದ್ದಲ್ಲೆಲ್ಲ 'ಅಕ್ಕ' ಎಂದು, 'ಮಾಡಿದರು' ಎಂದಿದ್ದಲ್ಲೆಲ್ಲ 'ಮಾಡಿದಳು' ಎಂದು ಬದಲಿಸಿದಳು, ಅಷ್ಟೇ. ಅವನು ಪಕ್ಕದ ಕೋಣೆಯಲ್ಲಿ ಅಮ್ಮನ ಮಂಚ ಬಿಚ್ಚುತ್ತಿದ್ದ. ಅವನು ಇಂಥದ್ದೆಲ್ಲ ಓದುವವನಲ್ಲ, ಅವನಿಗೆ ಗೊತ್ತೇ ಆಗುವುದಿಲ್ಲ ಎಂದು ಸಮಾಧಾನ ಹೇಳಿಕೊಂಡಳು. ಮರುದಿನ 'ನಿಮ್ಮ ಅಕ್ಕನಂಥ ಮಗಳು ಎಲ್ಲ ತಾಯಂದಿರಿಗೂ ಸಿಗಲಿ' ಎಂದು ಕಾಮೆಂಟುಗಳು ಬಂದವು. ಅವನ್ನು ಓದಿದ ಮೇಲೆ ಮುಂದಿನ ಬರಹಕ್ಕೆ ಕೂತಾಗ ಕೈ ಏಳಲಿಲ್ಲ. ಆವತ್ತೂ ಏಳಲಿಲ್ಲ, ಆಮೇಲೂ ಏಳಲಿಲ್ಲ.

ಅಂದು ಮನೆಗೆ ಬಂದವಳೇ ಗಂಡನ ಮೇಲೆ ಹರಿಹಾಯ್ದಳು. "ಚಪ್ಪಾಳೆ ಯಾಕ್ರೀ ಹೊಡೆದ್ರಿ?"

"ಎಲ್ಲಾರೂ ಹೊಡೆದ್ರು" ಎಂದ ಅವನು, ಅಂಗಿಯ ನಾರು ಕೊಡವುತ್ತ.

"ಎಲ್ಲಾರೂ ಹೊಡೆದ್ರೆ ನೀವೂ ಹೊಡೆಯೋದಾ? ಅದು ನೀವು ಮಾಡಿದ್ದಲ್ವಾ?"

"ಬಿಡು. ಅತ್ತೆಗೆ ಗೊತ್ತಿತ್ತು."

ಈ 'ಬಿಡು' ಎನ್ನುವುದಿದೆಯಲ್ಲ, ಮದುವೆಯಾದಾಗಿನಿಂದ ಕೇಳಿ ಕೇಳಿ ಅವಳ ಕಿವಿ ತೂತುಬಿದ್ದಿದೆ. ಅವನು ಜಗಳ ಆಡಿದ್ದರೆ ಅವಳಿಗೆ ಎಷ್ಟೋ ಹಗುರವಾಗುತ್ತಿತ್ತು. ಜಗಳಕ್ಕೂ ಸಿಗದ ಗಂಡಸನ್ನು ಏನು ಮಾಡುವುದು? ಮೂರು ದಿನ ಪಾತ್ರೆಗಳ ಮೇಲೆ ಸಿಟ್ಟು ತೀರಿಸಿಕೊಂಡಳು. ಲ್ಯಾಬಿನಲ್ಲಿ ಒಬ್ಬ ಮುದುಕ, "ಅಮ್ಮಾ, ಇವತ್ತು ಸೂಜಿಗಿಂತ ನಿಮ್ಮ ಮುಖವೇ ಚುಚ್ತಾ ಇದೆ" ಎಂದ.

ಭಾನುವಾರ ಬೆಳಿಗ್ಗೆ ಗಂಡ ಹಿತ್ತಿಲಲ್ಲಿ ಯಾರದೋ ಕುರ್ಚಿಯ ಹಳೇ ಮೊಳೆ ಕೀಳುತ್ತಿದ್ದಾಗ, ಅವಳು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದಳು. ಬ್ಲಾಗಿನ ಪಾಸ್‌ವರ್ಡ್ ನೆನಪಿರಲಿಲ್ಲ. ಮಗಳ ಹುಟ್ಟಿದ ದಿನ ಹಾಕಿದಳು, ಮನೆಯ ನಂಬರು ಹಾಕಿದಳು. ಕೊನೆಗೆ ಬೆರಳು ತಾನಾಗಿಯೇ ಅಮ್ಮನ ಆಸ್ಪತ್ರೆ ಚೀಟಿಯ ನಂಬರು ಒತ್ತಿತು. ಬಾಗಿಲು ತೆರೆಯಿತು. ಒಳಗೆ ಕಸವೋ ಕಸ. ತೂಕ ಇಳಿಸುವ ಮಾತ್ರೆ ಮಾರುವವರು, ಬೂಟು ಮಾರುವವರು, ಯಾವುದೋ ಲಾಟರಿಯವರು ಸೇರಿ ನಾನೂರು ಕಾಮೆಂಟು ಸುರಿದು ಹೋಗಿದ್ದರು. ಒಂದೊಂದನ್ನೇ ಬೈಯುತ್ತ ಅಳಿಸಿದಳು. ಬಾಡಿಗೆಗೆ ಕೊಟ್ಟ ಮನೆಯನ್ನು ಗಲೀಜು ಮಾಡಿಟ್ಟು ಹೋದವರನ್ನು ಬೈದ ಹಾಗೆ. ನಡುವೆ ಎರಡು ಕಡೆ ಪೋಸ್ಟ್‌ಮ್ಯಾನ್ ಇದ್ದ. 'ಏನೂ ಬರೆದಿಲ್ಲವಲ್ಲ' ಎಂದು ಒಂದು ವರ್ಷ, 'ಆರೋಗ್ಯವೇ?' ಎಂದು ಮುಂದಿನ ವರ್ಷ. ಆಮೇಲೆ ಅವನ ಸುದ್ದಿಯಿಲ್ಲ.

ಹೊಸ ಪುಟ ತೆರೆದು, ಅಕ್ಕನ ಜನ್ಮ ಜಾಲಾಡಿದಳು. ಚಿಕ್ಕಂದಿನಲ್ಲಿ ಇವಳ ಚಿತ್ರಕ್ಕೆ ತನ್ನ ಹೆಸರು ಬರೆದು ಬಹುಮಾನ ತಂದದ್ದರಿಂದ ಹಿಡಿದು ಮೊನ್ನೆಯ ಹೂಗುಚ್ಛದವರೆಗೆ ಒಂದನ್ನೂ ಬಿಡಲಿಲ್ಲ. ಒಂಬತ್ತು ವರ್ಷ ಕಟ್ಟಿಹಾಕಿದ್ದ ಕೈ ಒಂದು ಗಂಟೆ ನಿಲ್ಲದೆ ಓಡಿತು. ಬರೆದದ್ದನ್ನು ಮೆಲ್ಲಗೆ ಓದಿಕೊಂಡಾಗ ಹೊಟ್ಟೆ ತಣ್ಣಗಾಯಿತು. ಇನ್ನೊಮ್ಮೆ ಓದಿದಾಗ ಏನೋ ಕೊರೆಯಿತು. ಅಷ್ಟುದ್ದದ ಬರಹದಲ್ಲಿ ಅಕ್ಕನ ತಪ್ಪು ನಲವತ್ತಿದ್ದವು. ತನ್ನದು ಒಂದೂ ಇರಲಿಲ್ಲ.

ಲ್ಯಾಬಿನ ರಿಜಿಸ್ಟರಿಗೆ ಒಂದು ನಿಯಮವಿದೆ. ತಪ್ಪು ಬರೆದರೆ ಅಳಿಸುವಂತಿಲ್ಲ, ಹಾಳೆ ಹರಿಯುವಂತಿಲ್ಲ. ಮೇಲೆ ಒಂದೇ ಒಂದು ಗೆರೆ ಎಳೆಯಬೇಕು, ಕೆಳಗಿನ ತಪ್ಪು ಓದುವ ಹಾಗಿರಬೇಕು. ಪಕ್ಕದಲ್ಲಿ ಸರಿಯಾದದ್ದು ಬರೆದು, ತಿದ್ದಿದವರು ಸಹಿ ಮಾಡಿ ತಾರೀಕು ಹಾಕಬೇಕು. ಹೊಸ ಹುಡುಗಿಯೊಬ್ಬಳು ವೈಟ್ನರ್ ಬಳಿದದ್ದಕ್ಕೆ ಅವಳು ಇಡೀ ಲ್ಯಾಬ್ ಕೇಳುವಂತೆ ಕೂಗಾಡಿದ್ದಳು. ಅಂಥವಳು ತಾನು, ಒಂದು ಅಂಕಿ ಆಚೀಚೆಯಾಗಲು ಬಿಡದವಳು, ಗಂಡನ ಮೇಲೆಯೇ ವೈಟ್ನರ್ ಬಳಿದಿದ್ದಳು. ಈಗ ಸಿಟ್ಟು ಬಂದದ್ದು ಅಕ್ಕನ ಮೇಲಲ್ಲ. ಆ ಸಿಟ್ಟಿಗೆ ಬೈಯಲು ಎದುರಿಗೆ ಯಾರೂ ಇರಲಿಲ್ಲ.

ಅಕ್ಕನನ್ನು ಬೈದ ಪುಟವನ್ನು ಅಳಿಸಿದಳು. ಹಳೆಯ ಬರಹ ತೆರೆದು, ಹನ್ನೊಂದು ಕಡೆ 'ಅಕ್ಕ' ಎನ್ನುವುದರ ಮೇಲೆ ಗೆರೆ ಎಳೆದು, ಪಕ್ಕದಲ್ಲಿ 'ನನ್ನ ಗಂಡ' ಎಂದು ಬರೆದಳು. 'ಮಾಡಿದಳು'ಗಳನ್ನೂ ಹಾಗೆಯೇ ಗೆರೆ ಎಳೆದು ತಿದ್ದಿದಳು. ಕೆಳಗೆ ಇಷ್ಟು ಸೇರಿಸಿದಳು: 'ಕೊನೆಯ ಮೂರು ವಾರ ನನ್ನ ಅಮ್ಮನನ್ನು ನೋಡಿಕೊಂಡವರು ನನ್ನ ಗಂಡ. ಅಕ್ಕ ಇರಲಿಲ್ಲ. ಇದ್ದಳು ಎಂದು ಬರೆದವಳು ನಾನು. ತಪ್ಪು ನನ್ನದು.' ತಾರೀಕು ಹಾಕಿದಳು.

ಪ್ರಕಟಿಸುವ ಮೊದಲು ಅಕ್ಕನಿಗೆ ಫೋನ್ ಮಾಡಿ ಓದಿ ಹೇಳಿದಳು. ಹಿಂದಿನಿಂದ ಇರಿಯುವುದು ಅವಳ ಜಾಯಮಾನವಲ್ಲ.

"ಬರೋ ವಾರ ಇನ್ನೆರಡು ಕಡೆ ಭಾಷಣ ಇದೆ ನಂಗೆ" ಎಂದಳು ಅಕ್ಕ. "ಯಾವ ಮುಖ ಇಟ್ಕೊಂಡು ಹೋಗ್ಲಿ?"

"ನಿಜ ಹೇಳು. ನಾನು ಬರ್ಲಿಲ್ಲ, ಇವತ್ತಿಗೂ ನಿದ್ದೆ ಬರಲ್ಲ ಅಂತ ಹೇಳು. ಅದನ್ನೂ ಜನ ಕೇಳ್ತಾರೆ."

"ಒಂಬತ್ತು ವರ್ಷ ಆಯ್ತಲ್ಲೇ. ಯಾರಿಗೆ ಬೇಕಿದು ಈಗ? ನಿನ್ನ ಗಂಡ ಕೇಳಿದ್ರಾ?"

"ಇಲ್ಲ."

"ಮತ್ತೆ? ಅವರಿಗೇ ಬೇಡದ್ದು ನಿಂಗ್ಯಾಕೆ? ನೋಡು, ಇದನ್ನ ಹಾಕಿದ್ರೆ ನಾನು ನಿನ್ನ ಮನೆ ಮೆಟ್ಟಿಲು ಹತ್ತಲ್ಲ" ಎಂದು ಅಕ್ಕ ಫೋನ್ ಇಟ್ಟಳು.

ಅವಳಿಗಿದ್ದವಳು ಒಬ್ಬಳೇ ಅಕ್ಕ. ಹಲ್ಲು ಕಚ್ಚಿಕೊಂಡು 'ಪ್ರಕಟಿಸಿ' ಎನ್ನುವುದನ್ನು ಒತ್ತಿದಳು. ಆಮೇಲೆ ಲ್ಯಾಪ್‌ಟಾಪನ್ನು ಎತ್ತಿಕೊಂಡು ಹಿತ್ತಿಲಿಗೆ ಹೋಗಿ, ಬಿಚ್ಚಿಟ್ಟ ಕುರ್ಚಿಯ ಮೇಲೆ ಅವನ ಮುಂದೆ ಇಟ್ಟಳು.

"ಓದಿ. ಬಿಡು ಅಂತ ಮಾತ್ರ ಹೇಳ್ಬೇಡಿ."

ಅವನು ಬಾಯಲ್ಲಿ ಕಚ್ಚಿಕೊಂಡಿದ್ದ ಮೊಳೆ ತೆಗೆದು ಡಬ್ಬಿಗೆ ಹಾಕಿದ. ಕೈ ಒರೆಸಿಕೊಂಡ. ಮೊದಲ ಸಾಲಿನಿಂದ, ಗೆರೆ ಎಳೆದದ್ದನ್ನೂ ಬಿಡದೆ, ತುಟಿ ಅಲುಗಿಸುತ್ತ ಓದಿದ. ಕೊನೆಗೆ ಬಂದು ಮತ್ತೆ ಮೇಲಕ್ಕೆ ಹೋದ. ಅವಳು ನಿಂತೇ ಇದ್ದಳು.

"ಇಲ್ಲೊಂದು ತಪ್ಪಿದೆ" ಎಂದ.

"ಎಲ್ಲಿ?"

"ಮೂರು ವಾರ ಅಲ್ಲ. ಇಪ್ಪತ್ತಾರು ದಿನ." ಅವನು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಆವತ್ತು ನೀನು ಹಾಕಿದಾಗ ಓದಿದ್ನಲ್ಲ, ಆಗ್ಲೇ ಹೇಳೋಣ ಅನ್ಕೊಂಡೆ."