ಮಳೆ ಕಂಡ ಮುಖ

ಬಚ್ಚಲು ತೊಳೆಯಲೆಂದು ಆ್ಯಸಿಡ್ ಬಾಟಲಿಯ ಮುಚ್ಚಳ ತೆಗೆದೆ. ಆ ಘಾಟು ಮೂಗಿಗೆ ಬಡಿದದ್ದೇ ತಡ, ತಾತನ ನೆನಪು ಬಂತು. ಹಿಂದೆಯೇ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಅದು ಆರಿಲ್ಲ.

ಅವರು ನನ್ನ ಸ್ವಂತ ತಾತನಲ್ಲ. ಅರ್ಧ ಆಯುಸ್ಸು ಕನಕಪುರದ ಕಡೆಯ ಕ್ವಾರಿಗಳಲ್ಲಿ ಕಲ್ಲು ಒಡೆದು, ಆಮೇಲೆ ಗೋಡೆ ಕಟ್ಟುವುದಕ್ಕೆ ಬಂದವರು. ನಾನು ಆಗಷ್ಟೇ ಓದು ಮುಗಿಸಿದ ಆರ್ಕಿಟೆಕ್ಟ್. ರಾಮನಗರದಿಂದ ಮಾಗಡಿಗೆ ಹೋಗುವ ದಾರಿಯಲ್ಲಿ, ಒಂದು ಬೆಟ್ಟದ ಬುಡದಲ್ಲಿ ಪ್ರವಾಸಿ ಕೇಂದ್ರ ಕಟ್ಟಬೇಕಿತ್ತು. ಬಂಡೆಗಳ ನಡುವೆ ಕಟ್ಟಡವೊಂದು ಇದೆಯೆಂದೇ ಗೊತ್ತಾಗಬಾರದು ಎಂಬುದು ನನ್ನ ಹಠ. ನಕ್ಷೆಯಲ್ಲೇನೋ ಚೆನ್ನಾಗಿಯೇ ಬರೆದಿದ್ದೆ. ಮಾಡುವುದು ಹೇಗೆಂದು ಗೊತ್ತಿರಲಿಲ್ಲ.

ಗೊತ್ತಿದ್ದದ್ದು ತಾತನಿಗೆ. ಹೊಸದಾಗಿ ಒಡೆದ ಕಲ್ಲು ಬೇಡವೇ ಬೇಡ ಎಂದರು. ಬೆಟ್ಟದ ಬುಡದಲ್ಲಿ ಬಿದ್ದಿದ್ದ ಕಲ್ಲುಗಳನ್ನೇ ಆರಿಸಿ, ಒಂದೊಂದನ್ನೂ ಹೊರಳಿಸಿ ನೋಡಿ, ಕಪ್ಪಗಾಗಿ ಕಲ್ಲುಹೂವು ಹಿಡಿದ ಬದಿಯನ್ನು ಹೊರಗಿಟ್ಟು ಕಟ್ಟುತ್ತಿದ್ದರು.

"ಮಳೆ ಕಂಡಿರೋ ಮೊಕ ಆಚೀಗಿರ್ಬೇಕು ಕಣವ್ವ. ಮಣ್ಣು ಕಂಡಿರೋದು ಒಳೀಕೆ."

ಒಂದು ಕಲ್ಲು ಕೂರಿಸಲು ಅರ್ಧ ಗಂಟೆ... ಗುತ್ತಿಗೆದಾರ ಹಲ್ಲು ಕಡಿಯುತ್ತಿದ್ದ. ತಾತ ಬೀಡಿ ಹಚ್ಚಿಕೊಂಡು ಮತ್ತೊಂದು ಕಲ್ಲು ಹೊರಳಿಸುತ್ತಿದ್ದರು. ಗೋಡೆ ಮುಗಿದ ದಿನ ನಾವಿಬ್ಬರೂ ರಸ್ತೆಯವರೆಗೆ ನಡೆದು ಹೋಗಿ ತಿರುಗಿ ನೋಡಿದೆವು. ಬೆಟ್ಟ ಮಾತ್ರ ಕಾಣುತ್ತಿತ್ತು.

"ಎಲ್ಲೋಯ್ತವ್ವ ನನ್ ಗ್ವಾಡೆ?" ಎಂದು ತಾತ ನನ್ನನ್ನೇ ಕೇಳಿ ನಕ್ಕರು. ಅಷ್ಟು ಸಂತೋಷಪಟ್ಟ ಮುಖವನ್ನು ನಾನು ಆಮೇಲೆ ಹೆಚ್ಚು ಕಂಡಿಲ್ಲ.

ಉದ್ಘಾಟನೆಗೆ ಎರಡು ದಿನವಿತ್ತು. ನಾನು ಬೆಂಗಳೂರಿನಲ್ಲಿ ಬೇರೆ ಯಾವುದೋ ಮೀಟಿಂಗಿನಲ್ಲಿದ್ದಾಗ ಗುತ್ತಿಗೆದಾರನ ಫೋನ್ ಬಂತು.

"ಮೇಡಂ, ಗೋಡೆ ಒಂಥರಾ ಕೊಳೆಕೊಳೆಯಾಗೈತೆ. ದೊಡ್ಡೋರು ಬತ್ತಾವ್ರೆ. ಒಸಿ ಕ್ಲೀನ್ ಮಾಡಿಸ್ಬುಡ್ಲಾ?"

"ಮಾಡ್ಸಿ" ಎಂದು ಇಟ್ಟುಬಿಟ್ಟೆ.

ಮಾರನೆಯ ದಿನ ಹೋಗಿ ನೋಡಿದರೆ ಗೋಡೆಗೆಲ್ಲ ಆ್ಯಸಿಡ್ ಸುರಿದು, ತಂತಿ ಬ್ರಷ್ಷಿನಲ್ಲಿ ಉಜ್ಜಿ ಮುಗಿಸಿದ್ದರು. ನೂರಾರು ವರ್ಷದ ಮಳೆಬಿಸಿಲು ಬರೆದದ್ದು ಒಂದೇ ಮಧ್ಯಾಹ್ನದಲ್ಲಿ ಚರಂಡಿ ಸೇರಿತ್ತು. ಬೆಳ್ಳಗಾದ ಗೋಡೆ ರಸ್ತೆಯಿಂದಲೇ ಕಣ್ಣಿಗೆ ಹೊಡೆಯುತ್ತಿತ್ತು. ನಿನಗೆ ಕಣ್ಣಿಲ್ಲವಾ, ತಲೆಯಿಲ್ಲವಾ ಎಂದು ಗುತ್ತಿಗೆದಾರನ ಮೇಲೆ ಗಂಟಲು ಹರಿಯುವಷ್ಟು ಕೂಗಾಡಿದೆ. ಅವನು ಬೆವರು ಒರೆಸಿಕೊಂಡು, "ನೀವೇ ಅಂದ್ರಲ್ಲ ಮೇಡಂ" ಎಂದು ಹೊರಟುಹೋದ.

ತಾತ ಬಂದದ್ದು ಅದಾದ ಮೇಲೆ. ಗೋಡೆಯ ಒಂದೊಂದು ಕಲ್ಲಿನ ಮೇಲೂ ಅಂಗೈ ಇಟ್ಟು ನೋಡಿದರು. ಬಸ್ ನಿಲ್ದಾಣದವರೆಗೆ ನಾನೇ ಕಾರಿನಲ್ಲಿ ಬಿಟ್ಟುಬಂದೆ. ದಾರಿಯುದ್ದಕ್ಕೂ ಗುತ್ತಿಗೆದಾರನನ್ನು ಬೈದರು. "ಯಾವ್ ಮುಂಡೇಮಗ ಹೇಳ್ಕೊಟ್ನೋ ಅವ್ನಿಗೆ..." ಎಂದರು.

"ಹೌದು ತಾತ" ಎಂದೆ.

ಇಳಿಯುವಾಗ ನನ್ನ ಮುಖ ನೋಡಿ ಅವರೇ ಸಮಾಧಾನ ಹೇಳಿದರು. "ಅಳ್ಬ್ಯಾಡ ಕಣವ್ವ. ಮಳೆ ಬೀಳ್ತಾ ಬೀಳ್ತಾ ಮತ್ತೆ ಕಪ್ಪಾಯ್ತದೆ. ನಿಂದೇನ್ ತಪ್ಪೈತೆ ಇದ್ರಲ್ಲಿ."

ಆಗಲೂ ನಾನು ಬಾಯಿ ಬಿಡಲಿಲ್ಲ. ಗುತ್ತಿಗೆದಾರನ ಮೇಲಿನ ಸಿಟ್ಟು ಎಂದೋ ಇಳಿಯಿತು. ಕಾರಿನಲ್ಲಿ ಕೂತು ಹೌದು ಹೌದು ಎಂದವಳ ಮೇಲಿನದು ಇಳಿದಿಲ್ಲ.

ತಾತ ಹೋಗಿ ಮೂರು ವರ್ಷವಾಯಿತು. ಹೋದ ತಿಂಗಳು ಆ ದಾರಿಯಲ್ಲಿ ಹೋಗುವಾಗ ಕಾರು ನಿಲ್ಲಿಸಿದೆ. ಗೋಡೆ ಇನ್ನೂ ಕಾಣುತ್ತದೆ.

ಬಾಟಲಿಯ ಮುಚ್ಚಳ ಹಾಕಿ, ಬಚ್ಚಲನ್ನು ಬರೀ ನೀರಿನಲ್ಲೇ ಉಜ್ಜಿದೆ. "ಮಾಡ್ಸಿ ಅಂದಿದ್ದು ನಾನೇ ತಾತ" ಎಂದೆ. ಕೇಳಬೇಕಾದವರು ಇಲ್ಲ.