ರಸ್ತೆಗೆ ಬೆನ್ನು ಹಾಕಿದ ಬೆಂಚು

ಇವತ್ತು ಬೆಳಿಗ್ಗೆ ಸ್ಟೇಜಿನ ಮೇಲೆ ಯಾರೋ ಹರವಿದ್ದ ಮೆಣಸಿನಕಾಯಿಯ ಘಾಟಿಗೆ ನಾಲ್ಕು ಸಲ ಸೀನಿದೆ. ಸೀನಬೇಕಾದ್ದೇ ಬಿಡಿ. ಊರಿಗೆ ಸ್ಟೇಜು ಬೇಕೇ ಬೇಕು ಎಂದು ಗ್ರಾಮಸಭೆಯಲ್ಲಿ ಗಂಟಲು ಹರಿದುಕೊಂಡವನು ನಾನು. ಅಷ್ಟೇ ಆಗಿದ್ದರೆ ಮರ್ಯಾದೆ ಸ್ವಲ್ಪ ಉಳಿಯುತ್ತಿತ್ತು. ಅದೇ ಸಭೆಯಲ್ಲಿ, ನಮ್ಮೂರ ಹೆಂಗಸರಿಗೆ ಕೂರಲೊಂದು ಜಾಗವಾಗುವುದನ್ನು ನಗಿಸಿ ನಗಿಸಿಯೇ ತಪ್ಪಿಸಲು ನೋಡಿದವನೂ ನಾನೇ. ಕಾರಣ ಕೇಳಿದರೆ ಒಂದೇ ಮಾತು: ಹೊಟ್ಟೆಕಿಚ್ಚು.

ನಮ್ಮದು ಯಳಂದೂರಿನ ಬಸ್ಸು ಕೈ ಅಡ್ಡ ಹಾಕಿದರೆ ಮಾತ್ರ ನಿಲ್ಲುವ ಊರು. ಅಲ್ಲಿನ ಅರಳಿಕಟ್ಟೆಗೆ ನಾನು ದೊರೆ. ಸಂಜೆಯಾದರೆ ಕಂಡಕ್ಟರ್ ಚಿಲ್ಲರೆಗೆ ಸಿಡುಕುವುದು, ಡೇರಿ ಸೆಕ್ರೆಟರಿಯ ಮೂಗುದನಿ, ನಮ್ಮ ದೊಡ್ಡಪ್ಪ ಬೀಡಿಗೆ ಬೆಂಕಿ ಕೇಳುವ ಠೀವಿ, ಎಲ್ಲವೂ ನನ್ನ ಬಾಯಲ್ಲಿ. ಯಾರೂ ಸಿಗದಿದ್ದರೆ ಹೆಣ್ಣು ನೋಡಲು ಹೋಗಿ ತೊದಲಿದ ನನ್ನನ್ನೇ ಅಣಕಿಸಿಕೊಳ್ಳುತ್ತಿದ್ದೆ. ಗಂಡಸರು ಹೊಟ್ಟೆ ಹಿಡಿದು ನಗುತ್ತಿದ್ದರು. ಗಂಡಸರೇ ಯಾಕೆ ಎಂದು ಕೇಳುತ್ತೀರಿ. ನಮ್ಮ ಕಡೆ ಹೆಂಗಸರು ಕಟ್ಟೆಯ ಮೇಲೆ ಕೂರುವುದಿಲ್ಲ. ಇದು ನನಗೆ ಮೋಡ ಮೇಲಿರುವಷ್ಟೇ ಸಹಜವಾಗಿ ಕಾಣುತ್ತಿತ್ತು.

ಮಂಜುಳ ನನ್ನ ಜೊತೆಯಲ್ಲೇ ಓದಿದವಳು. ನಾನು ಹಸು ಬರೆದರೆ ಮೇಷ್ಟ್ರು "ನಾಯಿ ಚೆನ್ನಾಗಿದೆ" ಅನ್ನುತ್ತಿದ್ದರು. ಅವಳು ಬರೆದ ಹಸುವಿನ ಕೆಳಗೆ ಚೊಂಬು ಹಿಡಿದು ಕೂರಬಹುದಿತ್ತು. ಕಿಚ್ಚು ಹೊತ್ತಿಕೊಂಡದ್ದು ಆಗಲೇ. ಮುಂದೆ ಅವಳು ಡಿಪ್ಲೊಮಾ ಮಾಡಿ ಯಳಂದೂರಿನಲ್ಲಿ ಮನೆಗಳ ನಕ್ಷೆ ಬರೆಯುವ ಕೆಲಸಕ್ಕೆ ಸೇರಿದಳು. ಕುಡಿಯುವ ನೀರಿನ ಘಟಕದ ಪಕ್ಕದ ಖಾಲಿ ಜಾಗವನ್ನು ಊರವರೆಲ್ಲ ಕೂಡುವ ಹಾಗೆ ಮಾಡೋಣ ಎಂದು ಪಂಚಾಯ್ತಿಯವರು ಹೊರಟಾಗ ನಕ್ಷೆ ಕೇಳಿದ್ದು ಅವಳನ್ನು. ಒಂದು ವಾರ ಟೇಪು ಹಿಡಿದು, ಕ್ಯಾನು ಹೊತ್ತು ಬಂದ ಹೆಂಗಸರನ್ನೆಲ್ಲ ಮಾತಾಡಿಸಿಕೊಂಡು ಅಲ್ಲೇ ಅಲೆದಳು. ನನ್ನನ್ನು ಒಂದು ಮಾತು ಕೇಳಲಿಲ್ಲ. ಕಟ್ಟೆಯ ದೊರೆಯನ್ನು!

ಗ್ರಾಮಸಭೆಯಲ್ಲಿ ಅವಳು ನಕ್ಷೆ ಬಿಚ್ಚಿದಳು. ರಸ್ತೆಯ ಬದಿಗೆ ಆಟಕ್ಕೆ ಒಂದಿಷ್ಟು ಬಯಲು, ಹೊಂಗೆಯ ನೆರಳು, ನೆರಳಲ್ಲಿ ಅರ್ಧ ವೃತ್ತಕ್ಕೆ ಕಲ್ಲಿನ ಬೆಂಚುಗಳು. ಎಲ್ಲ ಬೆಂಚಿನ ಬೆನ್ನೂ ರಸ್ತೆಗೆ, ಮುಖ ಬಿಳಿಗಿರಿರಂಗನ ಬೆಟ್ಟಕ್ಕೆ! ದೇವರೇ ತಂದುಕೊಟ್ಟ ತಪ್ಪು ಎಂದು ಎದ್ದು ನಿಂತೆ. ನಕ್ಷೆಯನ್ನು ತಲೆಕೆಳಗಾಗಿ ಹಿಡಿದು, ಮಂಜುಳನ ದನಿಯಲ್ಲೇ ಶುರು ಮಾಡಿದೆ: "ಎಲ್ರೂ ಊರ್ಗೆ ಬೆನ್ ತೋರ್ಸ್ಕಂಡು ಕುಂತ್ಕಳಿ ಸಾ, ಬೆಟ್ಟದಿಂದ ರಂಗಪ್ಪನೇ ಇಳ್ದು ಬಂದು ಮಾತಾಡುಸ್ತನ!"

ಸಭೆ ಉರುಳಾಡಿತು. ಅಧ್ಯಕ್ಷರು ಕಣ್ಣೊರೆಸಿಕೊಂಡು, "ಬೆಂಚ ಈ ಕಡೀಕೆ ತಿರುಗ್ಸಕಾಗಲ್ವಾ ಮಗಾ?" ಎಂದರು.

"ಆಗಲ್ಲ ಸಾ. ಬೆಟ್ಟ ಚೆಂದಾಗ್ ಕಾಣ್ತದ."

ಅವಳು ಹೇಳಿದ್ದು ಅಷ್ಟೇ. ಹಿಂದೆ ಗೋಡೆಗೊರಗಿ ನಿಂತಿದ್ದ ಹೆಂಗಸರು ಮಾತ್ರ ನಗಲಿಲ್ಲ, ನಮ್ಮವ್ವನೂ ಸೇರಿ. ಪಾಪ, ತಮಾಷೆ ಅರ್ಥವಾಗಲಿಲ್ಲ ಅಂದುಕೊಂಡೆ. ಕೊನೆಗೆ ಗಲಾಟೆ ಬೇಡವೆಂದು ಅವಳಿಗೆ ಬೆಂಚು, ನನ್ನ ಬಾಯಿ ಮುಚ್ಚಿಸಲು ರಸ್ತೆಯ ಕಡೆಗೊಂದು ಸ್ಟೇಜು ಎಂದು ತೀರ್ಮಾನವಾಯಿತು.

ಸ್ಟೇಜಿನ ಮೇಲೆ ಮೊದಲು ಜೋಳ ಒಣಗಿತು, ಆಮೇಲೆ ಹುರುಳಿ. ನಾನು ಕಟ್ಟೆಗೇ ಹಿಂತಿರುಗಿದೆ. ಆದರೆ ಅಲ್ಲಿಯೂ ಜನ ಕರಗುತ್ತಾ ಬಂದರು. ಮೊಮ್ಮಕ್ಕಳನ್ನು ಆಡಿಸುವ ನೆಪದಲ್ಲಿ ನನ್ನ ಖಾಯಂ ಗಿರಾಕಿಗಳೆಲ್ಲ ಆ ಬಯಲಿಗೆ ಹೊರಟುಹೋದರು. ಒಂದು ಸಂಜೆ ನನ್ನೆದುರು ಉಳಿದವರು ಇಬ್ಬರು, ಅದರಲ್ಲೊಬ್ಬರು ನಿದ್ದೆಯಲ್ಲಿದ್ದರು. ಆಗ ಬೆಂಚಿನ ಕಡೆಯಿಂದ ನಗೆ ಕೇಳಿಸಿತು. ನಗೆಯ ತೂಕ ನನಗೆ ಗೊತ್ತು ಸ್ವಾಮಿ, ಅದೇ ನನ್ನ ಕಸುಬು. ಇದು ನಾನು ಯಾವತ್ತೂ ಹುಟ್ಟಿಸದಷ್ಟು ದೊಡ್ಡ ನಗೆ. ಹೊಟ್ಟೆಯಲ್ಲಿ ಒಲೆ ಉರಿದಂತಾಗಿ ಎದ್ದು ಹೋದೆ.

ಬೆಂಚುಗಳ ಹಿಂದೆ ನಿಂತೆ. ಕೂತಿದ್ದ ಹೆಂಗಸರೆಲ್ಲರ ಮುಖವೂ ಬೆಟ್ಟದ ಕಡೆ ಇದ್ದುದರಿಂದ ಅವರಲ್ಲಿ ಯಾರಿಗೂ ನಾನು ಕಾಣಲಿಲ್ಲ. ಅಷ್ಟರಲ್ಲಿ ರಸ್ತೆಯಲ್ಲಿ ನಮ್ಮ ದೊಡ್ಡಪ್ಪ ಬಂದರು. ಗಂಡನ ಅಣ್ಣನೋ ಮಾವನೋ ಎದುರು ಕಂಡರೆ ಹೆಂಗಸರು ಎದ್ದು ನಿಲ್ಲಬೇಕು. ಹಾಗೆ ಎದ್ದು ಎದ್ದೇ ಬೇಸತ್ತು ಅವರು ಬೀದಿಯಲ್ಲಿ ಕೂರುವುದನ್ನೇ ಬಿಟ್ಟಿದ್ದರು. ದೊಡ್ಡಪ್ಪ ಅಭ್ಯಾಸದಂತೆ ಕೆಮ್ಮಿದರು. ಒಬ್ಬರೂ ಏಳಲಿಲ್ಲ.

"ಯಾರೋ ಕೆಮ್ದಂಗಾಯ್ತು," ಎಂದಳು ಒಬ್ಬಳು.

"ನಮ್ಗೇನ್ ಕಂಡದಾ? ಬೆಟ್ಟ ನೋಡವ್ವ ಸುಮ್ನೆ," ಎಂದಿತು ನಮ್ಮವ್ವನ ದನಿ.

ಕಂಡರೆ ತಾನೆ ಏಳುವುದು! ಮಂಜುಳ ಬರೆದ ತಪ್ಪು ನನಗೆ ಆಗ ಅರ್ಥವಾಯಿತು. ಆ ದಿನ ಸಭೆಯಲ್ಲಿ ಹಿರಿಯರ ಎದುರು ಅದನ್ನು ಬಾಯಿಬಿಟ್ಟು ಹೇಳಿದ್ದರೆ ಬೆಂಚುಗಳು ಅಲ್ಲೇ ತಿರುಗುತ್ತಿದ್ದವು. ಈ ಬುದ್ಧಿ ನನಗೇಕೆ ಹೊಳೆಯಲಿಲ್ಲ ಎಂದು ಕರುಬುತ್ತಾ ನಿಂತಿದ್ದಾಗ, ತುದಿಯ ಬೆಂಚಿನಲ್ಲಿ ಕೂತಿದ್ದ ಅವ್ವ ಅರ್ಧಕ್ಕೆ ಬಿಟ್ಟಿದ್ದ ಅಣಕವನ್ನು ಮತ್ತೆ ಶುರು ಮಾಡಿದಳು. ಕುತ್ತಿಗೆ ಕೆರೆದುಕೊಂಡಳು, ಎದೆ ಉಬ್ಬಿಸಿದಳು, ಇಲ್ಲದ ಮೀಸೆ ತೀಡಿದಳು. "ಸ್ಟೇಜು ಬೇಕು ಸಾ! ಕಲೆ ಉಳೀಬೇಕು ಸಾ!" ಅಚ್ಚು ನಾನೇ. ಮಾತಿನ ಕೊನೆಯಲ್ಲಿ ನನ್ನ ದನಿ ಕೀಚಲಾಗುತ್ತದೆಂದು ನನಗೇ ಗೊತ್ತಿರಲಿಲ್ಲ, ಅವಳಿಗೆ ಗೊತ್ತಿತ್ತು. ಮಂಜುಳ ಬೆಂಚಿನಿಂದ ಜಾರಿ ನೆಲಕ್ಕೆ ಕೂತು ನಗುತ್ತಿದ್ದಳು.

ಅಷ್ಟು ಚೆನ್ನಾಗಿ ನನ್ನನ್ನು ನಾನೇ ಮಾಡಲಾರೆ. ಹೆತ್ತ ತಾಯಿಯ ಮೇಲೂ ಹೊಟ್ಟೆಕಿಚ್ಚು ಪಟ್ಟವನನ್ನು ನೀವು ನೋಡಿಲ್ಲದಿದ್ದರೆ ಬನ್ನಿ, ನಮ್ಮೂರಿಗೆ ಬಸ್ಸಿದೆ.

ತಡೆಯಲಾಗದೆ ಮುಂದೆ ಹೋಗಿ ನಿಂತೆ. ನಗೆ ನಿಂತಿತು. ಅವ್ವ ಏಳಲಿಲ್ಲ.

"ಇಷ್ಟ್ ಚೆಂದಾಗ್ ಮಾಡ್ತಿಯಲ್ಲವ್ವಾ! ಇಷ್ಟ್ ವರ್ಸ ಯಾಕ್ ಒಂದಿನಾನೂ ಮಾಡ್ನಿಲ್ಲ?"

ಅವ್ವ ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಎಲ್ಲಿ ಕುಂತ್ಕಂಡು ಮಾಡ್ಬೇಕಿತ್ಲಾ?"